ಒಂದು ವೇಷ, ಆರು ಒಡ್ಡೋಲಗ: ಬಾಂಡ್ ಪಾತ್ರಕ್ಕೆ ಹೊಸ ನಟ ಬರುವ ಬಗೆ

(ಚಿತ್ರಾಸಕ್ತರ ಬಳಗವೊಂದರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಕ್ರಮವನ್ನು, ಅಂದರೆ ಒಡ್ಡೋಲಗವನ್ನು, ಇಲ್ಲಿ ಕುಳಿತಿರುವ ಹಲವರು ಕಂಡಿದ್ದೀರಿ. ಇಬ್ಬರು ಅಡ್ಡಲಾಗಿ ಹಿಡಿದ ತೆರೆಯ ಹಿಂದೆ ವೇಷಧಾರಿ ನಿಂತಿರುತ್ತಾನೆ. ಮೊದಲು ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ಬಳಿಕ ಆ ಅಂಚನ್ನು ಹಿಡಿದ ಬೆರಳುಗಳು, ಕೆಳಗೆ ಗೆಜ್ಜೆ ಕಟ್ಟಿದ ಪಾದ. ಚೆಂಡೆಯ ಪೆಟ್ಟು ಏರುತ್ತ ಹೋಗಿ, ಇನ್ನು ಕಾಯಲಾರೆವೆಂದು ನೋಡುವವರಿಗೆ ಅನ್ನಿಸಿದ ಮೇಲೆ ಮುಖ. ಹೀಗೆ ಬಂದ ವೇಷವನ್ನು ಕಟ್ಟಿದವನು ಯಾರು ಎಂಬ ವಿಚಾರ ಆ ಕ್ಷಣಕ್ಕೆ ಹಿಂದೆ ಸರಿದಿರುತ್ತದೆ. ಬಂದವನು ರಾವಣ, ಅಷ್ಟೇ.

1962ರ ‘ಡಾ. ನೋ’ ಚಿತ್ರದಲ್ಲಿ ಜೇಮ್ಸ್ ಬಾಂಡ್ ಬೆಳ್ಳಿತೆರೆಗೆ ಬಂದದ್ದು ಬಹುಮಟ್ಟಿಗೆ ಇದೇ ಕ್ರಮದಲ್ಲಿ. ಲಂಡನ್ನಿನ ಒಂದು ಕ್ಲಬ್ಬಿನ ಜೂಜಿನ ಮೇಜು. ಕೆಂಪು ಉಡುಪಿನ ಹೆಣ್ಣೊಬ್ಬಳು ಸೋಲುತ್ತಿದ್ದಾಳೆ. ಕ್ಯಾಮೆರಾ ಅವಳನ್ನೇ ನೋಡುತ್ತದೆ. ಎದುರಿಗೆ ಕುಳಿತವನ ಬೆನ್ನು, ಭುಜ, ಎಲೆ ಹಂಚುವ ಕೈ ಮಾತ್ರ ನಮಗೆ ಕಾಣುತ್ತವೆ. ಅವಳು ಮತ್ತಷ್ಟು ಹಣ ಹೂಡುತ್ತಾಳೆ, ಮತ್ತೆ ಸೋಲುತ್ತಾಳೆ. ಅವಳ ಧೈರ್ಯವನ್ನು ಮೆಚ್ಚಿ ಅವನು ಹೆಸರು ಕೇಳಿದಾಗ ಅವಳು ಮೊದಲು ಮನೆತನದ ಹೆಸರನ್ನು ಹೇಳಿ, ಕ್ಷಣ ತಡೆದು, ‘ಟ್ರೆಂಚ್, ಸಿಲ್ವಿಯಾ ಟ್ರೆಂಚ್’ ಎನ್ನುತ್ತಾಳೆ. ತಿರುಗಿ ಅವಳು ಅವನ ಹೆಸರು ಕೇಳಿದ ಮೇಲೆಯೇ ಮುಖ ಕಾಣುವುದು: ತುಟಿಯಲ್ಲಿ ಸಿಗರೇಟು, ಕೈಯಲ್ಲಿ ಲೈಟರ್, ಬಾಯಲ್ಲಿ ‘ಬಾಂಡ್, ಜೇಮ್ಸ್ ಬಾಂಡ್’. ಅರುವತ್ತು ವರ್ಷಗಳಿಂದ ಜಗತ್ತು ಅನುಕರಿಸುತ್ತಿರುವ ಆ ಮಾತಿನ ಧಾಟಿ ಅವನದಲ್ಲ, ಅವಳದು. ಅವಳು ಹೇಳಿದ ರೀತಿಯನ್ನೇ ಅವನು ಅವಳಿಗೆ ಹಿಂದಿರುಗಿಸುತ್ತಾನೆ.

ನಿರ್ದೇಶಕ ಟೆರೆನ್ಸ್ ಯಂಗ್ ಯಕ್ಷಗಾನವನ್ನು ನೋಡಿರಲಿಕ್ಕಿಲ್ಲ. ಆದರೆ ಅವರಿಗೂ ಒಡ್ಡೋಲಗದ ಅಗತ್ಯವಿತ್ತು, ಏಕೆಂದರೆ ತೆರೆಯ ಹಿಂದೆ ನಿಂತಿದ್ದವನು ಹೆಚ್ಚು ಜನಕ್ಕೆ ಗೊತ್ತಿದ್ದವನಲ್ಲ. ಶಾನ್ ಕಾನರಿ ಎಡಿನ್‌ಬರೋ ನಗರದಲ್ಲಿ ಹಾಲಿನ ಗಾಡಿ ಓಡಿಸಿದ್ದವರು, ದೇಹದಾರ್ಢ್ಯ ಸ್ಪರ್ಧೆಗೆ ನಿಂತಿದ್ದವರು. ಕಾದಂಬರಿಕಾರ ಇಯಾನ್ ಫ್ಲೆಮಿಂಗ್ ಮೊದಮೊದಲು ಈ ಆಯ್ಕೆಯನ್ನು ಒಪ್ಪಿರಲಿಲ್ಲ. ಯಂಗ್ ಕಾನರಿಯನ್ನು ತಮ್ಮ ದರ್ಜಿಯಾದ ಆಂಟನಿ ಸಿಂಕ್ಲೇರ್ ಬಳಿಗೆ ಕರೆದೊಯ್ದು ಸೂಟು ಹೊಲಿಸಿದರು, ಅದನ್ನು ತೊಟ್ಟು ಓಡಾಡುವುದನ್ನು ರೂಢಿ ಮಾಡಿಸಿದರು. ಮುಂದೆ ಫ್ಲೆಮಿಂಗ್ ಮನಸ್ಸು ಬದಲಾಯಿತು. 1964ರಲ್ಲಿ ಬಂದ ಕಾದಂಬರಿಯಲ್ಲಿ ಅವರು ಬಾಂಡ್‌ಗೆ ಸ್ಕಾಟ್ಲೆಂಡಿನ ತಂದೆಯೊಬ್ಬನನ್ನು ಕೊಟ್ಟರು.

1962ರಿಂದ 2021ರವರೆಗೆ ಇಯಾನ್ (Eon) ಪ್ರೊಡಕ್ಷನ್ಸ್ ಕಂಪನಿ ತಯಾರಿಸಿದ 25 ಬಾಂಡ್ ಚಿತ್ರಗಳಲ್ಲಿ ಆರು ನಟರು ಈ ಪಾತ್ರವನ್ನು ಮಾಡಿದ್ದಾರೆ. ನಟ ಬದಲಾದಾಗಲೆಲ್ಲ ಪತ್ರಿಕೆಗಳಲ್ಲೂ ಹರಟೆಗಳಲ್ಲೂ ಕೇಳಿಬರುವ ಪ್ರಶ್ನೆ, ಈ ಮನುಷ್ಯ ಆ ಪಾತ್ರಕ್ಕೆ ತಕ್ಕವನೇ ಎಂಬುದು. ಎತ್ತರ ಎಷ್ಟು, ಕೂದಲ ಬಣ್ಣ ಯಾವುದು, ಹಿಂದಿನವನ ಹಾಗೆ ನಗುತ್ತಾನೆಯೇ ಇತ್ಯಾದಿ. ಆ ಪ್ರಶ್ನೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಚಿತ್ರಗಳನ್ನು ಸಾಲಾಗಿ ನೋಡಿದಾಗ ನನಗೆ ಕಂಡದ್ದು ಬೇರೆ: ಹೊಸಬನ ಗೆಲುವು ಸೋಲುಗಳಲ್ಲಿ ಅವನ ಮುಖಕ್ಕಿಂತ ಹೆಚ್ಚಿನ ಪಾಲು ಅವನನ್ನು ರಂಗಕ್ಕೆ ತಂದ ರೀತಿಯದು ಮತ್ತು ಅವನ ಹಿಂದೆ ಉಳಿಸಿಕೊಂಡ ಹಿಮ್ಮೇಳದ್ದು.

ನಿರ್ಮಾಪಕರಾದ ಆಲ್ಬರ್ಟ್ ಬ್ರಾಕೊಲಿ ಮತ್ತು ಹ್ಯಾರಿ ಸಾಲ್ಟ್ಜ್‌ಮನ್ ಇದನ್ನು ಮೊದಲೇ ಅರಿತಿದ್ದರೆಂದು ಹೇಳಲಾಗದು. 1967ರ ‘ಯೂ ಓನ್ಲಿ ಲಿವ್ ಟ್ವೈಸ್’ ಚಿತ್ರದ ಭಿತ್ತಿಪತ್ರದಲ್ಲಿ, ಶಾನ್ ಕಾನರಿಯೇ ಜೇಮ್ಸ್ ಬಾಂಡ್ ಎಂದು ದಪ್ಪಕ್ಷರದಲ್ಲಿ ಸಾರಿದ್ದರು. ಅದೇ ಚಿತ್ರದೊಂದಿಗೆ ಕಾನರಿ ಪಾತ್ರವನ್ನು ಬಿಟ್ಟರು. ಎರಡೇ ವರ್ಷದಲ್ಲಿ, ತಾವೇ ಬರೆಸಿದ ಆ ಸಾಲನ್ನು ಜನರ ಮನಸ್ಸಿನಿಂದ ಅಳಿಸುವ ಕೆಲಸ ನಿರ್ಮಾಪಕರ ಪಾಲಿಗೆ ಬಂತು.

ಆಗ ಬಂದವರು ಜಾರ್ಜ್ ಲೇಜನ್‌ಬಿ. ಆಸ್ಟ್ರೇಲಿಯಾದಲ್ಲಿ ಕಾರು ಮಾರುತ್ತಿದ್ದವರು, ಲಂಡನ್ನಿಗೆ ಬಂದು ಮಾಡೆಲ್ ಆದವರು, ಚಾಕೊಲೇಟ್ ಜಾಹೀರಾತಿನಿಂದ ಅಲ್ಲಿನ ಟಿವಿ ನೋಡುವವರಿಗೆ ಪರಿಚಿತರಾದವರು. ಅದಕ್ಕೆ ಮೊದಲು ಸಿನಿಮಾದಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಿದವರಲ್ಲ. ಪಾತ್ರವನ್ನು ಹಿಡಿದ ಕಥೆಯನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಕಾನರಿಗಾಗಿ ಹೊಲಿದು, ಅವರು ಒಯ್ಯದೆ ದರ್ಜಿಯ ಬಳಿ ಉಳಿದಿದ್ದ ಸೂಟನ್ನು ಪಡೆದು, ಕಾನರಿಯ ಕ್ಷೌರಿಕನ ಬಳಿಯೇ ಕೂದಲು ಕತ್ತರಿಸಿಕೊಂಡು, ಇಲ್ಲದ ನಟನಾನುಭವವನ್ನು ಇದೆಯೆಂದು ಹೇಳಿ ಅವರು ನಿರ್ಮಾಪಕರ ಮುಂದೆ ನಿಂತರು. ಪರೀಕ್ಷೆಗಾಗಿ ಚಿತ್ರೀಕರಿಸಿದ ಹೊಡೆದಾಟದಲ್ಲಿ ಎದುರಾಳಿಯ ಮೂಗಿಗೆ ನಿಜವಾಗಿಯೇ ಗುದ್ದಿದರು. ವೇಷ ಕಟ್ಟುವುದಕ್ಕೆ ಮೊದಲೇ ಬೇರೆಯವರ ಅಂಗಿ ತೊಟ್ಟು ಬಂದ ಹುಡುಗ ಅವರು. ನಿರ್ಮಾಪಕರಿಗೆ ಹಿಡಿಸಿದ್ದೂ ಬಹುಶಃ ಆ ಧಾರ್ಷ್ಟ್ಯವೇ.

1969ರ ಡಿಸೆಂಬರಿನಲ್ಲಿ ತೆರೆಕಂಡ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ಅವರನ್ನು ಹೇಗೆ ಬರಮಾಡಿಕೊಂಡಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿರ್ದೇಶಕ ಪೀಟರ್ ಹಂಟ್ ಹಿಂದಿನ ಬಾಂಡ್ ಚಿತ್ರಗಳ ಸಂಕಲನಕಾರರು, ‘ಡಾ. ನೋ’ ಚಿತ್ರದ ಆ ಜೂಜಿನ ಮೇಜನ್ನು ತಮ್ಮ ಕೈಯಿಂದಲೇ ಕತ್ತರಿಸಿ ಜೋಡಿಸಿದವರು. ಅವರು ಅದೇ ತೆರೆಯನ್ನು ಮತ್ತೆ ಹಿಡಿದರು. ಪೋರ್ಚುಗಲ್ಲಿನ ಕಡಲತಡಿಯ ರಸ್ತೆಯಲ್ಲಿ ಕಾರೊಂದು ಹೋಗುತ್ತಿದೆ. ಚಾಲಕನ ಹ್ಯಾಟು, ಕೈ, ಸಿಗರೇಟಿನ ಕಿಡಿಯಲ್ಲಿ ಒಂದಿಷ್ಟು ಗಲ್ಲ. ಸಮುದ್ರಕ್ಕೆ ಇಳಿಯುತ್ತಿದ್ದ ಹೆಣ್ಣನ್ನು ಅವನು ಎತ್ತಿ ತರುತ್ತಾನೆ, ಮುಖ ಕಾಣುತ್ತದೆ, ಹೆಸರು ಹೇಳುತ್ತಾನೆ, ಹೊಡೆದಾಟವಾಗುತ್ತದೆ. ಅಷ್ಟರಲ್ಲಿ ಆ ಹೆಣ್ಣು ಕಾರು ಹತ್ತಿ ಹೊರಟುಹೋಗುತ್ತಾಳೆ. ಮರಳಿನ ಮೇಲೆ ಒಬ್ಬಂಟಿಯಾಗಿ ನಿಂತ ಹೊಸ ಬಾಂಡ್, ‘ಆ ಇನ್ನೊಬ್ಬನಿಗೆ ಹೀಗೆಂದೂ ಆಗಿರಲಿಲ್ಲ’ ಎನ್ನುತ್ತಾನೆ.

ಈ ಮಾತಿಗೆ ಚಿತ್ರಮಂದಿರದಲ್ಲಿ ನಗು ಬಂದಿರಬೇಕು. ಆದರೆ ಅದರ ಬೆಲೆಯನ್ನು ಲೇಜನ್‌ಬಿ ತೆತ್ತರು. ವೇಷಧಾರಿ ರಂಗಕ್ಕೆ ಬಂದು, ಹೋದ ವರ್ಷ ಈ ವೇಷ ಮಾಡಿದವರು ನಾನಲ್ಲ ಎಂದು ಹೇಳಿದರೆ ಅದು ಚಮತ್ಕಾರವಾಗುತ್ತದೆಯೇ ಹೊರತು ಪ್ರವೇಶವಾಗುವುದಿಲ್ಲ. ಅದು ಸಾಲದೆಂಬಂತೆ ಶೀರ್ಷಿಕೆಗಳ ಹಿನ್ನೆಲೆಯಲ್ಲಿ ಹಳೆಯ ಚಿತ್ರಗಳ ತುಣುಕುಗಳು ಮರಳಿನ ಗಡಿಯಾರದೊಳಗಿಂದ ಸೋರಿಹೋದವು. ಮುಂದೊಂದು ಕಡೆ ಬಾಂಡ್ ರಾಜೀನಾಮೆ ಕೊಡಲು ಹೊರಟು ತನ್ನ ಮೇಜಿನ ಖಾನೆಯನ್ನು ತೆರೆದಾಗ ಹಿಂದಿನ ಚಿತ್ರಗಳ ಚಾಕು, ಗಡಿಯಾರ ಮೊದಲಾದ ವಸ್ತುಗಳು ಒಂದೊಂದಾಗಿ ಹೊರಬಂದವು, ಪ್ರತಿಯೊಂದಕ್ಕೂ ಆಯಾ ಚಿತ್ರದ ರಾಗದ ಎಳೆ ನುಡಿಯಿತು. ಸತ್ತವರ ಮನೆಯಲ್ಲಿ ಬಟ್ಟೆಬರೆ ವಿಂಗಡಿಸುವ ಹಾಗೆ ಅದು ನನಗೆ ಕಾಣುತ್ತದೆ. ಹೊಸಬನಿಗೆ ಹಕ್ಕುಪತ್ರ ಬರೆದುಕೊಡುವ ಉದ್ದೇಶದಿಂದ ಮಾಡಿದ್ದೆಲ್ಲ ಹಳಬನ ಶ್ರಾದ್ಧವಾಯಿತು.

ಇದೇ ಚಿತ್ರ ಇನ್ನೊಂದು ದಿಕ್ಕಿನಲ್ಲಿ ಸರಣಿಯಲ್ಲಿ ಯಾರೂ ಮಾಡಿರದ ಸಾಹಸಕ್ಕೆ ಕೈಹಾಕಿತ್ತೆಂಬುದು ವಿಚಿತ್ರ. ಬಾಂಡ್ ಮದುವೆಯಾಗುತ್ತಾನೆ, ಮದುವೆಯ ದಿನವೇ ಹೆಂಡತಿ ಟ್ರೇಸಿ ಗುಂಡಿಗೆ ಬಲಿಯಾಗುತ್ತಾಳೆ. ಅವಳ ತಲೆಯನ್ನು ಮಡಿಲಲ್ಲಿ ಹಿಡಿದು, ಬಂದ ಪೊಲೀಸಿನವನಿಗೆ, ಏನೂ ಅವಸರವಿಲ್ಲ, ಅವಳು ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎಂದು ಹೇಳುವ ಆ ಕೊನೆಯ ದೃಶ್ಯದಲ್ಲಿ ಲೇಜನ್‌ಬಿ ಚೆನ್ನಾಗಿದ್ದಾರೆ. ನನ್ನ ಮಟ್ಟಿಗೆ, ಅನುಭವಿ ನಟನೊಬ್ಬ ಅಲ್ಲಿ ಅಷ್ಟು ಬರಿಗೈಯಾಗಿ ಕಾಣುತ್ತಿರಲಿಲ್ಲ. ಆದರೆ ಪಾತ್ರ ಅವರ ಕೈಯಲ್ಲಿ ಉಳಿಯಲಿಲ್ಲ. ಹಿಪ್ಪಿಗಳ ಕಾಲದಲ್ಲಿ ಸೂಟುಧಾರಿ ಗೂಢಚಾರನ ಆಯುಸ್ಸು ಮುಗಿಯಿತೆಂಬ ಸಲಹೆಯನ್ನು ನಂಬಿ ಅವರು ಮುಂದಿನ ಒಪ್ಪಂದವನ್ನು ನಿರಾಕರಿಸಿದರು. ಚಿತ್ರದ ಮೊದಲ ಪ್ರದರ್ಶನಕ್ಕೆ ಉದ್ದ ಕೂದಲು, ಗಡ್ಡ ಬಿಟ್ಟುಕೊಂಡೇ ಬಂದರು. 1971ರ ಚಿತ್ರಕ್ಕೆ ನಿರ್ಮಾಪಕರು ಕಾನರಿಯನ್ನು 12.5 ಲಕ್ಷ ಡಾಲರ್ ಸಂಭಾವನೆ ಕೊಟ್ಟು ಮರಳಿ ಕರೆತಂದರು. ಸತ್ತ ಹೆಂಡತಿಯ ಹೆಸರನ್ನು ಆ ಚಿತ್ರ ಎತ್ತಲೇ ಇಲ್ಲ.

ಇನ್ನು ಹಿಮ್ಮೇಳದ ಮಾತು. ಎಂ ಎಂಬ ಮೇಲಧಿಕಾರಿಯಾಗಿ ಬರ್ನಾರ್ಡ್ ಲೀ 1979ರವರೆಗೆ 11 ಚಿತ್ರಗಳಲ್ಲಿ, ಕಾರ್ಯದರ್ಶಿ ಮನಿಪೆನಿಯಾಗಿ ಲೋಯಿಸ್ ಮ್ಯಾಕ್ಸ್‌ವೆಲ್ 1985ರವರೆಗೆ 14 ಚಿತ್ರಗಳಲ್ಲಿ, ಉಪಕರಣಗಳನ್ನು ಒದಗಿಸುವ ಕ್ಯೂ ಆಗಿ ಡೆಸ್ಮಂಡ್ ಲ್ಯುಎಲಿನ್ 1999ರವರೆಗೆ 17 ಚಿತ್ರಗಳಲ್ಲಿ ಕಾಣಿಸಿಕೊಂಡರು. ಎದುರಿಗೆ ನಿಂತವನು ಯಾರೇ ಆಗಿರಲಿ, ಕ್ಯೂ ಅದೇ ಸಿಡುಕಿನಿಂದ, ಕೊಟ್ಟ ಸಾಮಾನನ್ನು ಸರಿಯಾಗಿ ಹಿಂದಿರುಗಿಸು ಎಂದು ಗದರುತ್ತಾನೆ. ಆ ಗದರಿಕೆಯೇ ಹೊಸಬನಿಗೆ ಸಿಕ್ಕ ಪ್ರಮಾಣಪತ್ರ. ಮನೆಯ ಹಳೆಯ ಆಳು ಹೊಸ ಯಜಮಾನನನ್ನು ಬೈದರೆ ಅವನು ಯಜಮಾನನೆಂಬುದು ಊರಿಗೆ ಖಾತ್ರಿಯಾಗುವುದಿಲ್ಲವೇ, ಹಾಗೆ.

ಹೆಚ್ಚಿನ ಚಿತ್ರಗಳ ಆರಂಭದಲ್ಲಿ ಬರುವ, ಮಾರಿಸ್ ಬೈಂಡರ್ ರೂಪಿಸಿದ ಬಂದೂಕಿನ ನಳಿಗೆಯ ದೃಶ್ಯವೂ ಈ ಹಿಮ್ಮೇಳಕ್ಕೆ ಸೇರಿದ್ದು. ಬಿಳಿ ವೃತ್ತದೊಳಗೆ ಬಲದಿಂದ ಎಡಕ್ಕೆ ನಡೆದುಬಂದವನು ತಟ್ಟನೆ ತಿರುಗಿ ನಮ್ಮತ್ತ ಗುಂಡು ಹಾರಿಸುತ್ತಾನೆ, ಕೆಂಪು ಇಳಿಯುತ್ತದೆ. ಮೊದಲ ಮೂರು ಚಿತ್ರಗಳಲ್ಲಿ ಹಾಗೆ ನಡೆದುಬಂದವರು ಕಾನರಿ ಅಲ್ಲ, ಸಾಹಸ ಕಲಾವಿದ ಬಾಬ್ ಸಿಮನ್ಸ್. 1965ರ ‘ಥಂಡರ್‌ಬಾಲ್’ ಅಗಲ ಪರದೆಗೆ ಹೋದಾಗ ಅದನ್ನು ಹೊಸದಾಗಿ ತೆಗೆಯಬೇಕಾಗಿ ಬಂದು, ಆಗಷ್ಟೇ ಕಾನರಿ ಆ ವೃತ್ತದೊಳಗೆ ಕಾಲಿಟ್ಟರು. ಕಾನರಿಯೊಬ್ಬರೇ ಬಾಂಡ್ ಎಂದು ಈಗಲೂ ವಾದಿಸುವ ಗೆಳೆಯರಿಗೆ ನಾನು ಈ ಸಂಗತಿಯನ್ನು ನೆನಪಿಸುವುದುಂಟು. ಮೂರು ಚಿತ್ರಗಳ ಕಾಲ ನೀವು ಮೊದಲು ನೋಡಿದ ಬಾಂಡ್ ಬೇರೆಯವನೇ, ನಿಮಗದು ತಿಳಿಯಲಿಲ್ಲ.

ರೋಜರ್ ಮೂರ್ ಬಂದದ್ದು 1973ರ ‘ಲಿವ್ ಅಂಡ್ ಲೆಟ್ ಡೈ’ ಚಿತ್ರದಲ್ಲಿ. ಅವರು ಕಾನರಿಗಿಂತ ಸುಮಾರು ಮೂರು ವರ್ಷ ಹಿರಿಯರು, ಟಿವಿ ಸರಣಿಯೊಂದರ ಮೂಲಕ ಆಗಲೇ ಹೆಸರಾದವರು. 1969ರ ಪಾಠವನ್ನು ನಿರ್ಮಾಪಕರು ಚೆನ್ನಾಗಿ ಕಲಿತಿದ್ದರೆಂದು ಈ ಚಿತ್ರ ತೋರಿಸುತ್ತದೆ. ಶೀರ್ಷಿಕೆಗೆ ಮುಂಚಿನ ದೃಶ್ಯಗಳಲ್ಲಿ ಬಾಂಡ್ ಇಲ್ಲವೇ ಇಲ್ಲ. ತೆರೆ ಹಿಡಿಯುವ ಗೋಜಿಗೂ ಹೋಗದೆ, ಬೆಳಗಿನ ಜಾವ ಮನೆಯ ಬಾಗಿಲು ತಟ್ಟಿದಾಗ ಹಾಸಿಗೆಯಿಂದ ಏಳುವ ಮನುಷ್ಯನಾಗಿ ಅವರನ್ನು ತೋರಿಸಿದರು. ಬಾಗಿಲಲ್ಲಿ ನಿಂತವನು ಎಂ. ಒಳಗೆ ಅಡಗಿಸಬೇಕಾದ ಇಟಲಿಯ ಹೆಣ್ಣು. ನಡುವೆ ಬಾಂಡ್ ಗದ್ದಲದ ಯಂತ್ರವೊಂದರಿಂದ ಕಾಫಿ ಮಾಡಿಕೊಡುತ್ತಾನೆ. ಅಷ್ಟೆಲ್ಲ ಸದ್ದು ಮಾಡಿ ಇಷ್ಟೇ ಕಾಫಿಯೇ ಎಂಬಂತೆ ಎಂ ನೋಡುವ ನೋಟ, ಫಿಲ್ಟರಿನ ಮುಂದೆ ಡಿಕಾಕ್ಷನ್ನಿಗೆ ಕಾದು ಕುಳಿತು ಬಲ್ಲ ನಮ್ಮವರಿಗೆ ವಿವರಣೆ ಬೇಡ. ಎಂ ಕಚೇರಿಯ ಮಾಮೂಲಿ ದೃಶ್ಯವನ್ನು ಇಲ್ಲಿ ಬಿಟ್ಟದ್ದು ಉದ್ದೇಶಪೂರ್ವಕವೆಂದೇ ನನ್ನ ಎಣಿಕೆ: ಹ್ಯಾಟನ್ನು ಗೂಟಕ್ಕೆ ಎಸೆದು ಒಳಬರುವ ಆ ಬಾಗಿಲಲ್ಲಿ ಮೂರ್ ನಿಂತಿದ್ದರೆ ಪಕ್ಕದಲ್ಲಿ ಕಾನರಿಯೂ ಕಾಣುತ್ತಿದ್ದರು. ಸಿಗರೇಟಿನ ಜಾಗಕ್ಕೆ ಚುಟ್ಟಾ ಬಂತು, ಮಾರ್ಟಿನಿ ಎಂಬ ಮದ್ಯದ ಜಾಗಕ್ಕೆ ಬರ್ಬನ್ ವಿಸ್ಕಿ. ಹೋಲಿಕೆಗೆ ಸಿಗಬಹುದಾದ ಸಣ್ಣಪುಟ್ಟದ್ದನ್ನೆಲ್ಲ ತೆಗೆದರು, ಹಿಮ್ಮೇಳದಲ್ಲಿ ಎಂ, ಮನಿಪೆನಿ ಇಬ್ಬರನ್ನು ಮಾತ್ರ ಹಾಗೆಯೇ ಇಟ್ಟರು. ಮೂರ್ ಏಳು ಚಿತ್ರಗಳನ್ನು ಮಾಡಿದರು.

ನಟ ದೊಡ್ಡವನೋ ಹಿಮ್ಮೇಳ ದೊಡ್ಡದೋ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಮಾಡಿದಂಥ ಪರೀಕ್ಷೆಯೊಂದು 1983ರಲ್ಲಿ ತಾನಾಗಿ ನಡೆಯಿತು. ಆ ವರ್ಷ ಮೂರ್ ಅವರ ‘ಆಕ್ಟೋಪಸಿ’ ಬಂತು. ಉದಯಪುರದ ಅರಮನೆಗಳಲ್ಲಿ ಚಿತ್ರೀಕರಿಸಿದ, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಮತ್ತು ಕಬೀರ್ ಬೇಡಿ ನಟಿಸಿದ ಚಿತ್ರವದು. ಅದೇ ವರ್ಷ ಕಥೆಯೊಂದರ ಹಕ್ಕನ್ನು ಹೊಂದಿದ್ದ ಬೇರೆ ನಿರ್ಮಾಪಕರಿಗಾಗಿ ಕಾನರಿಯೂ ಬಾಂಡ್ ಆಗಿ ಮರಳಿದರು. ಮೂಲ ನಟನೇ ಅಲ್ಲಿದ್ದ. ಆದರೆ ಪರಿಚಿತ ರಾಗವಿರಲಿಲ್ಲ, ನಳಿಗೆಯ ದೃಶ್ಯವಿರಲಿಲ್ಲ, ಲ್ಯುಎಲಿನ್, ಮ್ಯಾಕ್ಸ್‌ವೆಲ್ ಇರಲಿಲ್ಲ; ಅವೆಲ್ಲ ಇಯಾನ್ ಕಂಪನಿಯ ಬಳಿ ಉಳಿದಿದ್ದವು. ಎರಡೂ ಚಿತ್ರಗಳು ಚೆನ್ನಾಗಿಯೇ ಓಡಿದವು, ಗಳಿಕೆಯಲ್ಲಿ ಮೂರ್ ಚಿತ್ರ ಮುಂದಿತ್ತು. ಕಾನರಿಯ ಚಿತ್ರವನ್ನು ಇಂದು ನೋಡಿದಾಗ, ಹಾಡಿ ಆಡಿಸುವ ಭಾಗವತರಿಲ್ಲದೆ ಕುಣಿಯುತ್ತಿರುವ ದೊಡ್ಡ ಕಲಾವಿದನನ್ನು ನೋಡಿದ ಹಾಗಾಗುತ್ತದೆ.

ಇಲ್ಲಿ ನಮ್ಮ ಸಿನಿಮಾದ ಒಂದು ಉದಾಹರಣೆಯನ್ನು ಎದುರಿಗಿಟ್ಟು ನೋಡಬಹುದು. ಬಾಂಡ್ ಮಾದರಿಯಲ್ಲಿ ದೊರೈ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿದಾಗ ರಾಜಕುಮಾರ್ ಸಿಐಡಿ 999 ಆದರು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲೂ ಅವರೇ. ಐದನೆಯದಕ್ಕೆ ಬೇರೆ ನಟನನ್ನು ತರುವ ಪ್ರಶ್ನೆ ಏಳಲಿಲ್ಲ, ಏಕೆಂದರೆ ಜನ ನೋಡಲು ಬಂದದ್ದು 999 ಎಂಬ ಸಂಖ್ಯೆಯನ್ನಲ್ಲ. ಮಯೂರನಾಗಿಯೋ ಕಬೀರನಾಗಿಯೋ ನೋಡುವ ಮನುಷ್ಯನನ್ನೇ ಈ ಬಾರಿ ಸೂಟಿನಲ್ಲಿ ನೋಡಲು ಬಂದಿದ್ದರು. ಅಲ್ಲಿ ನಟನೇ ಸರಣಿ, ಪಾತ್ರ ಅವನು ತೊಟ್ಟ ಅಂಗಿ. ಬಾಂಡ್ ವಿಷಯದಲ್ಲಿ ಇದು ತಿರುಗುಮುರುಗು. ಎರಡರಲ್ಲಿ ಒಂದು ಮೇಲು ಎಂದು ನಾನು ಹೇಳಹೊರಟಿಲ್ಲ. ಆದರೆ ನಮ್ಮಲ್ಲಿ ಸರಣಿ ಚಿತ್ರಗಳು ನಟನ ಬದಲಾವಣೆಯನ್ನು ದಾಟಿ ಬಾಳುವುದು ಅಪರೂಪವೇಕೆ ಎಂಬುದಕ್ಕೆ ಉತ್ತರದ ಒಂದು ತುದಿ ಇಲ್ಲಿದೆ.

ಟಿಮೊತಿ ಡಾಲ್ಟನ್ ಮತ್ತು ಪಿಯರ್ಸ್ ಬ್ರಾಸ್ನನ್ ಅವರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1986ರಲ್ಲಿ ಆರಿಸಿದ್ದು ಬ್ರಾಸ್ನನ್ ಅವರನ್ನು. ನಿಂತುಹೋಗಿದ್ದ ಅವರ ಟಿವಿ ಸರಣಿಯನ್ನು, ಈ ಸುದ್ದಿಯ ಬಿಸಿಯಲ್ಲಿ, ವಾಹಿನಿ ಮತ್ತೆ ಮುಂದುವರಿಸಲು ಹೊರಟಿತು, ಒಪ್ಪಂದ ಅವರನ್ನು ಕಟ್ಟಿಹಾಕಿತು. ಹೀಗೆ 1987ರಲ್ಲಿ ಡಾಲ್ಟನ್ ಬಂದರು. ಅವರ ಪ್ರವೇಶ ನನಗೆ ಬಹಳ ಇಷ್ಟವಾದದ್ದು: ಜಿಬ್ರಾಲ್ಟರ್ ಬಂಡೆಯ ಮೇಲೆ ಒಂದೇ ಬಗೆಯ ಉಡುಪಿನ ಮೂವರು ಧುಮುಕುಕೊಡೆಯಲ್ಲಿ ಇಳಿಯುತ್ತಾರೆ, ಅವರಲ್ಲಿ ಬಾಂಡ್ ಯಾರೆಂದು ನಮಗೆ ತಿಳಿಯದು. ಒಬ್ಬನ ಸಾವಿನ ಚೀರಾಟಕ್ಕೆ ಇನ್ನೊಬ್ಬ ಕತ್ತು ತಿರುಗಿಸುತ್ತಾನೆ. ಅವನೇ. ಎರಡು ಚಿತ್ರಗಳ ನಂತರ ಕಾನೂನಿನ ತಕರಾರುಗಳಿಂದ ಸರಣಿ ಆರು ವರ್ಷ ನಿಂತು, 1994ರಲ್ಲಿ ಡಾಲ್ಟನ್ ಬಿಟ್ಟರು. 1995ರ ‘ಗೋಲ್ಡನ್ ಐ’ ಚಿತ್ರದಲ್ಲಿ, ಸ್ವಿಟ್ಜರ್ಲೆಂಡಿನ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಒಬ್ಬ ಕೆಳಗೆ ಹಾರಿದ ಮೇಲೆ, ಶೌಚಾಲಯದ ಛಾವಣಿಯಿಂದ ತಲೆಕೆಳಗಾಗಿ ಬ್ರಾಸ್ನನ್ ಮುಖ ಕಾಣಿಸಿತು. ಶೀತಲ ಸಮರ ಮುಗಿದಿತ್ತು. ಹೊಸ ಎಂ ಆಗಿ ಬಂದ ಜೂಡಿ ಡೆಂಚ್, ನೀನು ಹೆಂಗಸರನ್ನು ಕೀಳಾಗಿ ಕಾಣುವ ಡೈನೋಸಾರ್ ಎಂದು ಬಾಂಡ್ ಮುಖಕ್ಕೇ ಹೇಳಿದರು. ಪ್ರೇಕ್ಷಕರು ಹೇಳಬಹುದಾಗಿದ್ದನ್ನು ಹಿಮ್ಮೇಳವೇ ಮೊದಲು ಹೇಳಿಬಿಟ್ಟಿತು.

ಡೇನಿಯಲ್ ಕ್ರೇಗ್ ಹೆಸರನ್ನು 2005ರ ಅಕ್ಟೋಬರ್ 14ರಂದು ಪ್ರಕಟಿಸಿದರು. ಥೇಮ್ಸ್ ನದಿಯಲ್ಲಿ ನೌಕಾಪಡೆಯ ವೇಗದ ದೋಣಿಯಲ್ಲಿ ಅವರನ್ನು ಕರೆತಂದರು. ಸೂಟಿನ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡಿದ್ದ ಬಾಂಡನ್ನು ಕಂಡು ಪತ್ರಿಕೆಗಳು ನಕ್ಕವು. ಕೂದಲು ಹೊಂಬಣ್ಣದ್ದು ಎಂಬುದೇ ದೊಡ್ಡ ಆಕ್ಷೇಪ; ಅವರ ವಿರುದ್ಧ ಜಾಲತಾಣವೇ ಹುಟ್ಟಿಕೊಂಡಿತು. ಮರು ವರ್ಷ ‘ಕ್ಯಾಸಿನೋ ರಾಯಲ್’ ಬಂದಾಗ ಆ ಗದ್ದಲ ಅಡಗಿತು. ಕ್ರೇಗ್ ಒಳ್ಳೆಯ ನಟ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ನಿರ್ದೇಶಕ ಮಾರ್ಟಿನ್ ಕ್ಯಾಂಪ್‌ಬೆಲ್ ಅವರು ‘ಗೋಲ್ಡನ್ ಐ’ ಮೂಲಕ ಒಮ್ಮೆ ಈ ಕೆಲಸ ಮಾಡಿದ್ದವರು. ಈ ಬಾರಿ ಒಡ್ಡೋಲಗವನ್ನು ಇಡೀ ಚಿತ್ರದುದ್ದಕ್ಕೂ ಹಿಗ್ಗಿಸಿದರು. ಆರಂಭ ಕಪ್ಪುಬಿಳುಪಿನಲ್ಲಿ. ಎರಡು ಕೊಲೆ ಮಾಡಿದವನಿಗಷ್ಟೇ ಸೊನ್ನೆ ಸೊನ್ನೆ, ಎಂದರೆ ಕೊಲ್ಲುವ ಅನುಮತಿಯುಳ್ಳ ಗೂಢಚಾರನ, ದರ್ಜೆ. ಇವನಿಗೆ ಅದಿನ್ನೂ ದಕ್ಕಿಲ್ಲ. ಮೊದಲ ಕೊಲೆ ಶೌಚಾಲಯವೊಂದರಲ್ಲಿ, ಬೇಸಿನ್ ಒಡೆದು, ಉಸಿರು ಕಟ್ಟಿಸಿ, ನೋಡಲು ಹಿಂಸೆಯಾಗುವಷ್ಟು ಹೊತ್ತು ನಡೆಯುತ್ತದೆ. ಸತ್ತನೆಂದುಕೊಂಡವನು ನೆಲದಿಂದ ಪಿಸ್ತೂಲು ಎತ್ತಿದಾಗ ಬಾಂಡ್ ತಟ್ಟನೆ ತಿರುಗಿ ಗುಂಡು ಹಾರಿಸುತ್ತಾನೆ, ಕೆಂಪು ಇಳಿಯುತ್ತದೆ: ನಾಲ್ಕು ದಶಕ ಅಲಂಕಾರವಾಗಿದ್ದ ನಳಿಗೆಯ ದೃಶ್ಯಕ್ಕೆ ಮೊದಲ ಸಲ ಕಥೆಯೊಳಗೆ ಕಾರಣವೊಂದು ಸಿಕ್ಕಿತು.

ಕ್ಯೂ, ಮನಿಪೆನಿ ಇಬ್ಬರನ್ನೂ ಆ ಚಿತ್ರ ಕೈಬಿಟ್ಟಿತು. ಮಾರ್ಟಿನಿಯನ್ನು ಕುಲುಕಬೇಕೇ ಕಲಸಬೇಕೇ ಎಂದು ಬಾರಿನವನು ಕೇಳಿದರೆ, ಅದನ್ನು ಕಟ್ಟಿಕೊಂಡು ನನಗೇನು ಎಂಬ ಉತ್ತರ. ಹೆಸರು ಹೇಳುವ ಪ್ರಸಿದ್ಧ ಮಾತು ಚಿತ್ರದ ಕಟ್ಟಕಡೆಗೆ, ಅದರ ಬೆನ್ನಿಗೇ ಅಲ್ಲಿಯವರೆಗೆ ತಡೆಹಿಡಿದಿದ್ದ ರಾಗ. ಎರಡೂವರೆ ಗಂಟೆ ತೆರೆ ಹಿಡಿದು, ವೇಷ ಮೈಗೆ ಕೂತಿದೆ ಎಂದು ಖಾತ್ರಿಯಾದ ಮೇಲೆ ಚೆಂಡೆ ಬಾರಿಸಿದಂತೆ. ಕ್ಯೂ ಮತ್ತು ಮನಿಪೆನಿ 2012ರ ‘ಸ್ಕೈಫಾಲ್’ ಚಿತ್ರದಲ್ಲಿ ಹೊಸ ನಟರೊಂದಿಗೆ ಮರಳಿದರು. ಹಿಮ್ಮೇಳವನ್ನು ಇಟ್ಟುಕೊಂಡು ವೇಷ ಬದಲಿಸುವುದು ಹಳೆಯ ಕ್ರಮವಾಗಿದ್ದರೆ, ಇಲ್ಲಿ ವೇಷವನ್ನು ನಿಲ್ಲಿಸಿ ಹಿಮ್ಮೇಳವನ್ನು ಮರಳಿ ಕರೆದರು. ಈ ನಡುವೆ ಬ್ರಾಸ್ನನ್ ಕಾಲದ ಎಂ ಆಗಿದ್ದ ಜೂಡಿ ಡೆಂಚ್ ಮಾತ್ರ ಹೊಸ ಬಾಂಡ್‌ಗೂ ಎಂ ಆಗಿಯೇ ಉಳಿದರು. ಇವನು ಈಗಷ್ಟೇ ಕೆಲಸಕ್ಕೆ ಸೇರಿದವನಾದರೆ ಆಕೆ ಹಿಂದೆ ಬೈದದ್ದು ಯಾರನ್ನು ಎಂಬ ಲೆಕ್ಕ ಕೂಡುವುದಿಲ್ಲ. ಕೂಡಬೇಕೆಂದು ಹೆಚ್ಚಿನವರು ಕೇಳಲೂ ಇಲ್ಲ.

ಹಿಂದಿನ ನಟರ ಬಾಳನ್ನು ಹೊಸಬ ಹೊರಬೇಕೇ ಎಂಬ ಪ್ರಶ್ನೆಯನ್ನು ಸರಣಿ ಒಮ್ಮೆ ನೇರವಾಗಿಯೇ ಮುಟ್ಟಿದೆ. 1981ರ ‘ಫಾರ್ ಯುವರ್ ಐಸ್ ಓನ್ಲಿ’ ಟ್ರೇಸಿಯ ಸಮಾಧಿಯಲ್ಲಿ ಆರಂಭವಾಗುತ್ತದೆ. ಮೂರ್ ಮುಂದುವರಿಯುವರೋ ಇಲ್ಲವೋ ಖಚಿತವಿಲ್ಲದಿದ್ದಾಗ, ಬರಬಹುದಾದ ಹೊಸಬನನ್ನು ಹಳೆಯ ಕಥೆಗೆ ಕಟ್ಟಿಹಾಕಲೆಂದು ಬರೆದ ದೃಶ್ಯವದು. ಕೊನೆಗೆ ಮೂರ್ ಅವರೇ ಉಳಿದರು. ಲೇಜನ್‌ಬಿಯ ಬಾಂಡ್ ಕಟ್ಟಿಕೊಂಡ ಹೆಂಡತಿಯ ಕಲ್ಲಿನ ಮೇಲೆ 1969 ಎಂಬ ಇಸವಿಯ ಮುಂದೆ ಹೂವಿಟ್ಟರು. ಮುಖ ಬೇರೆ, ದುಃಖ ಅದೇ ಎಂದು ಯಾರೂ ವಿವರಿಸಬೇಕಾಗಲಿಲ್ಲ.

2021ರ ‘ನೋ ಟೈಮ್ ಟು ಡೈ’ ಈ ಸವಲತ್ತನ್ನು ತೆಗೆದುಹಾಕಿದೆ. ಅದರಲ್ಲಿ 007 ಎಂಬ ಸಂಖ್ಯೆ ಕೆಲಕಾಲ ಬೇರೆ ಅಧಿಕಾರಿಗೆ, ಒಬ್ಬ ಮಹಿಳೆಗೆ, ಹೋಗಿರುತ್ತದೆ. ಕೊನೆಗೆ ಕ್ಷಿಪಣಿಗಳು ದ್ವೀಪದ ಮೇಲೆ ಬೀಳುತ್ತವೆ, ಬಾಂಡ್ ಸಾಯುತ್ತಾನೆ. ಆರು ದಶಕಗಳಲ್ಲಿ ಮೊದಲ ಬಾರಿ ಹೊಸ ನಟನೊಬ್ಬ ಸತ್ತ ಮನುಷ್ಯನ ಜಾಗಕ್ಕೆ ಬರಬೇಕಾಗಿದೆ. ಸರಣಿಯ ಚುಕ್ಕಾಣಿಯೂ ಕೈಬದಲಾಗಿದೆ: ಬಾಂಡ್ ಚಿತ್ರಗಳ ಸ್ಟುಡಿಯೋ ಆದ ಎಂಜಿಎಂ ಸಂಸ್ಥೆಯನ್ನು 2022ರಲ್ಲಿ ಕೊಂಡ ಅಮೆಜಾನ್, 2025ರ ಫೆಬ್ರವರಿಯಲ್ಲಿ ಬ್ರಾಕೊಲಿ ಕುಟುಂಬದಿಂದ ಸೃಜನಾತ್ಮಕ ನಿರ್ಧಾರಗಳ ಹಕ್ಕನ್ನೂ ಪಡೆಯಿತು. ಅದೇ ವರ್ಷ ನಿರ್ದೇಶಕರಾಗಿ ಡೆನಿ ವಿಲ್ನೋವ್, ಬರಹಗಾರರಾಗಿ ಸ್ಟೀವನ್ ನೈಟ್ ಹೆಸರುಗಳು ಹೊರಬಂದವು. ಬಾಂಡ್ ಯಾರೆಂಬುದನ್ನು ಅವುಗಳ ಜೊತೆಗೆ ಹೇಳಲಿಲ್ಲ. ಭಾಗವತರನ್ನು ಮೊದಲು ಗೊತ್ತುಮಾಡಿ ವೇಷಧಾರಿಯನ್ನು ಆಮೇಲೆ ಹುಡುಕುವ ಈ ಅನುಕ್ರಮ ನನಗೆ ಸರಿಯೆಂದೇ ತೋರುತ್ತದೆ.

ಹೊಸಬನ ಮುಂದೆ ಎರಡು ದಾರಿಗಳಿವೆ: ಕ್ರೇಗ್ ಕಥೆ ನಡೆದೇ ಇಲ್ಲವೆಂಬಂತೆ ಮೊದಲಿನಿಂದ ಆರಂಭಿಸುವುದು, ಇಲ್ಲವೇ ಸಾವನ್ನು ಗಮನಿಸದೆ ಸುಮ್ಮನೆ ಒಳಗೆ ಬಂದುಬಿಡುವುದು. ಎರಡನೆಯದು ಧೂರ್ತತನವೆನ್ನಿಸಬಹುದು, ಆದರೆ 1971ರಲ್ಲಿ ಕಾನರಿ ಮಾಡಿದ್ದು ಅದನ್ನೇ. ‘ನೋ ಟೈಮ್ ಟು ಡೈ’ ನೋಡಿದಾಗ ಬಹುಮಂದಿ ಬಾಂಡ್ ಸತ್ತ ಕೂಡಲೇ ಎದ್ದು ಹೊರಟರು. ಕೆಲವರು ಕಣ್ಣೊರೆಸಿಕೊಳ್ಳುತ್ತ ಹೆಸರುಗಳು ಮುಗಿಯುವವರೆಗೆ ಕುಳಿತಿದ್ದೆವು. ಎಲ್ಲ ಹೆಸರುಗಳೂ ಮೇಲೇರಿ ಹೋದ ಮೇಲೆ ಖಾಲಿ ತೆರೆಯ ಮೇಲೆ ಹಳೆಯ ಸಾಲು ಮತ್ತೆ ಬಂತು: ಜೇಮ್ಸ್ ಬಾಂಡ್ ಮರಳಿ ಬರುತ್ತಾನೆ.